ಮಿಸ್ತ್ರಿಯ ಕೈಯಲ್ಲಿ ಸುಮ್ಮನಿರುತ್ತಿದ್ದ ಜೀಪು

ಆ ದಿನ ಬೆಳಿಗ್ಗೆಯೂ ಎಂದಿನ ಹಾಗೆ ಐದೂವರೆಗೆ ಎದ್ದು ಹಾಲು ಕಾಸಿದೆ, ದೋಸೆ ಹಿಟ್ಟಿಗೆ ಉಪ್ಪು ಹಾಕಿದೆ, ಕುಕ್ಕರಿನಲ್ಲಿ ಬೇಳೆ ಇಟ್ಟು ಅಡುಗೆಮನೆಯ ಹಿಂಬಾಗಿಲು ತೆಗೆದೆ. ನಮ್ಮ ಅಡುಗೆಮನೆಯ ಹಿಂಬಾಗಿಲು ನೇರವಾಗಿ ಗ್ಯಾರೇಜಿನ ಅಂಗಳಕ್ಕೆ ತೆರೆಯುತ್ತಿತ್ತು. ಬಾಗಿಲಿನ ಈಚೆ ಒಗ್ಗರಣೆಯ ವಾಸನೆ, ಆಚೆ ಗ್ರೀಸಿನದು. ಹೊಸ್ತಿಲಿಗೆ ತಾಗಿದಂತೆ ಒಂದು ಮೇಜು, ಮೇಜಿನ ಮೇಲೆ ಪ್ರತಿ ಗಾಡಿಯ ದೂರು, ಕೆಲಸ ಬರೆದಿಡುವ ಜಾಬ್ ಕಾರ್ಡುಗಳ ಕಟ್ಟು, ದಾರ ಕಟ್ಟಿದ ಪೆನ್ನು. ಕುಕ್ಕರಿನ ಮೊದಲ ಸೀಟಿಗೂ ಮೂರನೆಯ ಸೀಟಿಗೂ ನಡುವೆ ಒಂದು ಕಾರ್ಡು ಬರೆದು ಮುಗಿಸುವುದನ್ನು ಮದುವೆಯಾದ ಎರಡನೇ ವರ್ಷಕ್ಕೇ ಕಲಿತಿದ್ದೆ. ಜನಗಣತಿಯವರು ಬಂದು ಉದ್ಯೋಗ ಕೇಳಿದರೆ ಗೃಹಿಣಿ ಎಂದೇ ಬರೆಸುತ್ತಿದ್ದೆ. ಬರೆಸುವಾಗ ಕೈಯಲ್ಲಿ ಯಾರದೋ ಜೀಪಿನ ಕೀಲಿಕೈ ಇರುತ್ತಿತ್ತು.

ಶಿರಸಿಯ ಆ ಗ್ಯಾರೇಜನ್ನು ಬಿಟ್ಟುಕೊಟ್ಟು ಈಗ ಕೆಲವು ವರ್ಷಗಳಾದವು. ಇಂದಿನ ದೊಡ್ಡ ಸರ್ವಿಸ್ ಸ್ಟೇಶನ್ನುಗಳಲ್ಲಿ ಕಂಪ್ಯೂಟರಿನ ಮುಂದೆ ಕೂತು, ಬಂದವರ ದೂರು ಕೇಳಿ ಬರೆದುಕೊಳ್ಳುವ ಹುಡುಗಿಯರನ್ನು ಕಂಡರೆ ನನಗೆ ಆ ಮೇಜು ನೆನಪಾಗುತ್ತದೆ. ಅಂಥ ಕುರ್ಚಿಗೆ ಹೊಸದಾಗಿ ಬಂದವರಿಗೆ ಪ್ರಯೋಜನವಾದರೆ ಆಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಹೆಚ್ಚಿನದೆಲ್ಲ ನನ್ನ ತಪ್ಪುಗಳೇ. ಸರಿಯಾಗಿ ಮಾಡಿದ ಕೆಲಸ ಅಷ್ಟಾಗಿ ನೆನಪಿನಲ್ಲಿ ಉಳಿಯುವುದಿಲ್ಲ.

ಆ ಮೇಜಿಗೆ ನಾನು ಬಂದದ್ದೇ ಇಂಗ್ಲಿಷಿನಿಂದಾಗಿ. ನಮ್ಮ ಯಜಮಾನರಿಗೆ ಇಂಜಿನ್ನಿನ ಸದ್ದು ಕೇಳಿದರೆ ರೋಗ ಗೊತ್ತಾಗುತ್ತಿತ್ತು, ಆದರೆ ಜೀಪಿನ ಜೊತೆ ಬರುವ ಇಂಗ್ಲಿಷ್ ಪುಸ್ತಕವನ್ನು ಅವರು ಸ್ಪಾನರುಗಳ ಕೆಳಗೆ ಹಾಸಲು ಬಳಸುತ್ತಿದ್ದರು. ನಾನು ಕಾನ್ವೆಂಟಿನಲ್ಲಿ ಓದಿದವಳು. ಗಟ್ಟಿಯಾಗಿ ಓದುವಾಗ ಅಲ್ಪವಿರಾಮಕ್ಕೆ ಒಂದು, ಪೂರ್ಣವಿರಾಮಕ್ಕೆ ಮೂರು ಎಣಿಸಬೇಕೆಂದು ಸಿಸ್ಟರುಗಳು ಕಲಿಸಿದ್ದರು. ಆ ಎಣ್ಣೆಗಲೆಯ ಪುಸ್ತಕವನ್ನು ನಾನು ಹಾಗೆಯೇ ಓದಿದೆ. ಓದಿ ಕನ್ನಡದಲ್ಲಿ ಹೇಳುವಾಗ ಮಿಸ್ತ್ರಿಗಳೆಲ್ಲ ಪುರಾಣ ಕೇಳುವವರಂತೆ ಕೈಕಟ್ಟಿ ನಿಂತಿದ್ದರು. ಪೂರ್ಣವಿರಾಮಕ್ಕೆ ನಾನು ಮೂರು ಎಣಿಸುವಾಗ ಒಬ್ಬರು ಮುಗಿಯಿತೆಂದು ತಿಳಿದು ಹೋಗಿಯೇಬಿಟ್ಟರು.

ಆ ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿ ಒಂದು ಮಾತಿತ್ತು: ಗಟ್ಟಿಯಾದ ಒಣ ರಸ್ತೆಯ ಮೇಲೆ ಫೋರ್‌ವೀಲ್ ಹಾಕಿ ಓಡಿಸಬಾರದು. ನನ್ನ ವೃತ್ತಿಜೀವನದ ಅರ್ಧ ಭಾಗ ಈ ಒಂದು ವಾಕ್ಯವನ್ನು ಬೇರೆ ಬೇರೆ ಜನರಿಗೆ ಹೇಳುವುದರಲ್ಲೇ ಕಳೆಯಿತು.

ಆಗಿನ ಜೀಪುಗಳಲ್ಲಿ ಗೇರಿನ ಪಕ್ಕ ಇನ್ನೊಂದು ಗಿಡ್ಡ ಲಿವರ್ ಇರುತ್ತಿತ್ತು. ಸಾಮಾನ್ಯ ಹೊತ್ತಿನಲ್ಲಿ ಗಾಡಿಯನ್ನು ನೂಕುವುದು ಹಿಂದಿನ ಎರಡು ಚಕ್ರಗಳು ಮಾತ್ರ. ಕೆಸರಿನಲ್ಲಿ ಸಿಕ್ಕಿಬಿದ್ದಾಗ ಆ ಲಿವರ್ ಎಳೆದರೆ ಮುಂದಿನ ಎರಡೂ ಕೆಲಸಕ್ಕೆ ಸೇರುತ್ತವೆ. ಕೆಸರು ದಾಟಿದ ಮೇಲೆ ತೆಗೆಯಬೇಕು. ಆದರೆ ತೆಗೆಯುವವರು ಯಾರು? ನಾಲ್ಕೂ ಚಕ್ರ ಎಳೆಯುತ್ತಿದ್ದರೆ ಗಾಡಿಗೆ ಬಲ ಜಾಸ್ತಿ ಎಂದು ಎಲ್ಲರ ನಂಬಿಕೆ.

ನಾನು ಒದ್ದೆ ಸೀರೆ ಹಿಂಡುವ ಲೆಕ್ಕದಲ್ಲಿ ಹೇಳುತ್ತಿದ್ದೆ. ಗಾಡಿ ತಿರುಗುವಾಗ ಮುಂದಿನ ಚಕ್ರ ದೊಡ್ಡ ಸುತ್ತು ಹಾಕುತ್ತದೆ, ಹಿಂದಿನದು ಸಣ್ಣ ಸುತ್ತು. ಲಿವರ್ ಹಾಕಿದರೆ ಎರಡನ್ನೂ ಒಂದೇ ಸಮ ತಿರುಗುವ ಹಾಗೆ ಕಟ್ಟಿದಂತಾಯಿತು. ಕೆಸರಿನಲ್ಲಾದರೆ ಚಕ್ರ ಸ್ವಲ್ಪ ಜಾರಿ ಸರಿಹೋಗುತ್ತದೆ. ಒಣ ಡಾಂಬರು ಜಾರಲು ಬಿಡುವುದಿಲ್ಲ. ಆಗ ಇಬ್ಬರು ಸೀರೆಯ ಎರಡು ತುದಿ ಹಿಡಿದು ಹಿಂಡಿದ ಹಾಗೆ ಒಳಗಿನ ಕಬ್ಬಿಣವೆಲ್ಲ ತಿರುಚಿಕೊಂಡು ಮುರಿಗೆ ಬೀಳುತ್ತದೆ. ಸ್ಟೇರಿಂಗ್ ಭಾರವಾಗುತ್ತದೆ, ಟೈರು ಸವೆಯುತ್ತದೆ, ಕೊನೆಗೆ ಆ ಲಿವರ್ ತೆಗೆಯಲೂ ಬರುವುದಿಲ್ಲ.

ಯಲ್ಲಾಪುರದ ಒಬ್ಬರು ಹೆಡ್‌ಮಾಸ್ತರರಿಗೆ ಇದನ್ನು ತೋರಿಸಲು ನಿಜವಾಗಿಯೂ ಒಂದು ಒದ್ದೆ ಟವೆಲ್ ತಂದು, ಒಂದು ತುದಿ ಅವರ ಕೈಗೆ ಕೊಟ್ಟು ತಿರುಚಿದ್ದೆ. ಅವರು ಘಟ್ಟದ ರಸ್ತೆ ಎಂದರೆ ಹೆದರುವವರು. ಬಿರುಬೇಸಗೆಯಲ್ಲೂ ಧೈರ್ಯಕ್ಕೆಂದು ಫೋರ್‌ವೀಲ್ ಹಾಕಿಕೊಂಡೇ ಇಳಿಯುತ್ತಿದ್ದರು. ಮುರಿಗೆ ಬಿಗಿಯಾದಾಗ ಅವರು ತುದಿ ಬಿಟ್ಟುಬಿಟ್ಟರು. ಟವೆಲ್ ಗಿರ್ರನೆ ತಿರುಗಿ ಅವರ ಅಂಗಿಗೆಲ್ಲ ನೀರು ಹಾರಿಸಿತು. ಕನ್ನಡಕ ಒರೆಸಿಕೊಳ್ಳುತ್ತ ಅವರು ಶಾಂತವಾಗಿ ಹೇಳಿದರು: "ವಿಷಯ ಅರ್ಥ ಆಯ್ತು ತಂಗಿ. ಆದ್ರೆ ಧೈರ್ಯಕ್ಕೆ ಏನು ಮಾಡ್ಲಿ?"

ಅದಕ್ಕೆ ಪುಸ್ತಕದಲ್ಲಿ ಉತ್ತರವಿರಲಿಲ್ಲ. "ಹೊರಡುವ ಮೊದಲು ಲಿವರನ್ನು ಒಮ್ಮೆ ಮುಟ್ಟಿ ನಮಸ್ಕಾರ ಮಾಡಿ ಸರ್. ಎಳೀಬೇಡಿ" ಎಂದೆ. ಮುಂದಿನ ವರ್ಷ ಅವರ ಟೈರುಗಳು ಚೆನ್ನಾಗಿದ್ದವು. ಲಿವರಿನ ಗುಂಡಿಯ ಮೇಲೆ ಮಾತ್ರ ಕುಂಕುಮ ಇತ್ತು.

ಆ ದಿನದ ವಿಷಯಕ್ಕೆ ಬರುತ್ತೇನೆ. ಮಳೆ ನಿಂತು ಮೂರು ತಿಂಗಳಾಗಿತ್ತು, ರಸ್ತೆಗಳು ಬೆಳ್ಳಗೆ ಒಣಗಿದ್ದವು. ನಾನು ಹಿಂಬಾಗಿಲು ತೆಗೆದಾಗ ನಮ್ಮ ದೊಡ್ಡ ಮಿಸ್ತ್ರಿ ನಿಂಗಪ್ಪ ಆಗಲೇ ಬಂದು ಕೂತಿದ್ದ. ದಾಸನಕೊಪ್ಪದಿಂದ ದಿನಾ ಬಸ್ಸಿನಲ್ಲಿ ಬರುವವನು, ಎಂಟೂವರೆಗೆ ಮೊದಲು ಬಂದದ್ದೇ ಇಲ್ಲ. ಪಕ್ಕದಲ್ಲಿ ಅವನ ಸಾಮಾನಿನ ಗೋಣಿಚೀಲ. ಯಾವಾಗಲೂ ಗೋಡೆಯ ಗೂಟದಲ್ಲಿ ತೂಗುವ ಚೀಲ ಅವತ್ತು ನೆಲದ ಮೇಲಿತ್ತು, ಬಾಯಿ ಕಟ್ಟಿತ್ತು.

"ಏನು ನಿಂಗಪ್ಪ, ಇಷ್ಟು ಬೇಗ?" ಎಂದೆ.

"ಇವತ್ತ ದತ್ತಣ್ಣಾರು ಬರ್ತಾರಲ್ರಿ ಬಾಯಾರ" ಎಂದ. "ನಾ ಒಂದ್ ಮಾತ್ ಹೇಳಿಬಿಡ್ತೀನ್ರಿ. ಅವರು ಇವತ್ತೂ ನನ್ನ ಕೆಲ್ಸಕ್ಕ ಹೆಸರಿಟ್ರ, ನಾಳಿಯಿಂದ ನಾ ಬರೂದಿಲ್ರಿ. ಹದಿನೈದು ವರ್ಷ ಆತು ಈ ಕೆಲ್ಸ ಮಾಡಾಕ ಹತ್ತಿ, ಯಾರೂ ಒಂದ್ ಮಾತ್ ಅಂದಿದ್ದಿಲ್ರಿ. ನಿನ್ನೆ ಮಾಲಕ್ರು ಸೈತ ಅಂದ್ರು, ಎಲ್ಲೋ ಕೂರ್ಸೂದ್ರಾಗ ತಪ್ಪಿರಬೇಕು ಅಂತ."

ಯಜಮಾನರು ಹಾಗೆ ಅಂದದ್ದು ನನಗೂ ಕೇಳಿಸಿತ್ತು. ಅವರು ಸಿಟ್ಟಿನಿಂದ ಅಂದದ್ದಲ್ಲ, ಕಾರಣ ತಿಳಿಯದೆ ಅಂದದ್ದು. ಆದರೆ ನಿಂಗಪ್ಪ ಹೋದರೆ ನಮ್ಮ ಗ್ಯಾರೇಜಿನಲ್ಲಿ ಉಳಿಯುವುದು ಗೋಡೆ ಮತ್ತು ನನ್ನ ಮೇಜು ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

ದತ್ತಣ್ಣ ಸಿದ್ದಾಪುರದ ಕಡೆಯವರು; ಅವರ ಮಾತಿನಲ್ಲಿ ಆನು ಎಂದರೆ ನಾನು, ನಿಂಗ ಎಂದರೆ ನೀವು. ಅವರ ಹಳೆಯ ಜೀಪಿಗೆ ಎರಡು ತಿಂಗಳ ಹಿಂದೆ ನಮ್ಮಲ್ಲಿ ದೊಡ್ಡ ರಿಪೇರಿ ಆಗಿತ್ತು, ಗೇರ್‌ಬಾಕ್ಸ್ ಪೂರ್ತಿ ಬಿಚ್ಚಿ ಜೋಡಿಸಿದವನು ನಿಂಗಪ್ಪ. ಅಂದಿನಿಂದ ಶುರುವಾಯಿತು ದೂರು: ತಿರುಗಿಸುವಾಗ ಗಾಡಿ ಹಿಡಿದುಕೊಳ್ಳುತ್ತದೆ, ಟೈರು ಕಿರುಚುತ್ತದೆ. ಮೂರು ಸಲ ಬಂದರು. ಎರಡು ಸಲ ಪುನಃ ಬಿಚ್ಚಿ ನೋಡಿದೆವು, ಏನೂ ಸಿಗಲಿಲ್ಲ. ನಿಂಗಪ್ಪ ಓಡಿಸಿದರೆ ಗಾಡಿ ಬೆಣ್ಣೆಯ ಹಾಗೆ ಹೋಗಿ ಬರುತ್ತಿತ್ತು. ಯಜಮಾನರು ಓಡಿಸಿದರೂ ಹಾಗೆಯೇ. ದತ್ತಣ್ಣ ಮನೆ ಮುಟ್ಟುವಷ್ಟರಲ್ಲಿ ಮತ್ತೆ ಅದೇ ರೋಗ.

ಹತ್ತು ಗಂಟೆಗೆ ದತ್ತಣ್ಣ ಬಂದರು. ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡಿದ್ದರು. ಅವರನ್ನು ಕಂಡ ಕೂಡಲೇ ನಮ್ಮ ಯಜಮಾನರು ಪಕ್ಕದಲ್ಲಿದ್ದ ಟೆಂಪೋದ ಕೆಳಗೆ ನುಸುಳಿದರು. ಅದು ತೊಳೆಯಲೆಂದು ಮಾತ್ರ ಬಂದಿದ್ದ ಟೆಂಪೋ.

"ಲೀಲಕ್ಕ, ಇದ್ರದ್ದು ಹಳೇ ರಾಗನೇ" ಎಂದರು ದತ್ತಣ್ಣ, ಮೇಜಿನ ಮುಂದೆ ಕೂರುತ್ತ. "ತಿರ್ಗ್ಸಕಾರೆ ಹಿಡ್ಕತ್ತು. ಸ್ಟೇರಿಂಗ್ ಜೊತೆ ಕುಸ್ತಿ ಮಾಡಿ ಮಾಡಿ ನನ್ ಕುತ್ಗೆ ಉಳ್ಕಿದ್ದು. ನಿಂಗ್ಳ ಮಿಸ್ತ್ರಿ ಎಲ್ಲೋ ಎಂತೋ ಉಲ್ಟಾ ಹಾಕಿಕ್ಕಿದ್ದ."

ನಿಂಗಪ್ಪ ಕೀಲಿಕೈಗೆ ಕೈ ಚಾಚಿದ. ಜೀಪು ತೆಗೆದುಕೊಂಡು ಹೋಗಿ ಸರ್ಕಲ್ ಸುತ್ತಿ ಬಂದ. ಒಂದು ಸದ್ದಿಲ್ಲ. ಇಳಿದು ಕೀಲಿಕೈಯನ್ನು ನನ್ನ ಮೇಜಿನ ಮೇಲೆ ಮೆಲ್ಲಗೆ ಇಟ್ಟ. "ಗಾಡ್ಯಾಗ ಏನೂ ಇಲ್ರಿ" ಎಂದ.

"ಕಂಡ್ರಾ?" ಎಂದರು ದತ್ತಣ್ಣ. "ಅವಂಗೆ ಹೆದರ್ತು. ಅವನ ಕೈಯಲ್ಲಿ ಸುಮ್ಮಂಗಿರ್ತು, ನನ್ ಕೈಗೆ ಬಂದ್ರೆ ಹಠ ಮಾಡ್ತು."

ನಿಂಗಪ್ಪ ಬಗ್ಗಿ ಚೀಲದ ಬಾಯಿಯ ಗಂಟನ್ನು ಇನ್ನೊಮ್ಮೆ ಬಿಗಿದ.

ನನಗೆ ಆಗ ಹೊಳೆದದ್ದು ದೊಡ್ಡ ವಿಚಾರವೇನಲ್ಲ. ನಮ್ಮಲ್ಲಿ ಗಾಡಿ ಬಂದರೆ ಮಾಲೀಕರನ್ನು ಕುರ್ಚಿಯಲ್ಲಿ ಕೂರಿಸಿ ಚಾ ಕೊಡುತ್ತಿದ್ದೆವು. ಓಡಿಸಿ ನೋಡುವುದು ನಾವು. ಇಷ್ಟು ವರ್ಷಗಳಲ್ಲಿ ಒಬ್ಬ ಮಾಲೀಕರೂ ನಮ್ಮ ಕಣ್ಣೆದುರು ತಮ್ಮ ಗಾಡಿ ಓಡಿಸಿದ್ದಿಲ್ಲ. ಕೈಯನ್ನು ಸೆರಗಿಗೆ ಒರೆಸಿಕೊಂಡು ಎದ್ದೆ. "ದತ್ತಣ್ಣ, ನೀವೇ ಓಡಿಸಿ. ನಾನು ಪಕ್ಕದಲ್ಲಿ ಕೂತಿರ್ತೇನೆ."

"ನಿಂಗ ಕೂತ್ಕಂಡು ಎಂತ ಮಾಡ್ತ್ರಿ?"

"ಸುಮ್ನೆ ನೋಡ್ತೇನೆ."

ಕಾನ್ವೆಂಟಿನಲ್ಲಿ ನನಗೆ ಗಣಿತ ಬರುತ್ತಿರಲಿಲ್ಲ, ಸುಮ್ಮನೆ ನೋಡುವುದು ಮಾತ್ರ ಚೆನ್ನಾಗಿ ಬರುತ್ತಿತ್ತು. ದತ್ತಣ್ಣ ಚಪ್ಪಲಿ ಕಳಚಿ ಸೀಟಿನ ಕೆಳಗೆ ಇಟ್ಟರು. ಬಾಯಲ್ಲಿದ್ದ ಎಲೆಯಡಿಕೆಯ ಕವಳವನ್ನು ಎಡದವಡೆಗೆ ಸರಿಸಿದರು. ಸ್ಟೇರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡರು. ಕೀಲಿ ತಿರುಗಿಸಿದರು. ಆಮೇಲೆ ರಸ್ತೆಯ ಕಡೆ ನೋಡುತ್ತಲೇ, ಪಂಚೆಯ ಗಂಟು ಸರಿಮಾಡಿಕೊಳ್ಳುವವರ ಹಾಗೆ, ಎಡಗೈಯಿಂದ ಆ ಗಿಡ್ಡ ಲಿವರನ್ನು ಎಳೆದರು.

ನಮ್ಮ ಓಣಿ ನೇರ, ಅಲ್ಲಿ ಏನೂ ಗೊತ್ತಾಗಲಿಲ್ಲ. ಸರ್ಕಲ್‌ನಲ್ಲಿ ತಿರುಗಿಸುವಾಗ ಗಾಡಿ ಯಾರೋ ಹಿಂದಿನಿಂದ ಹಗ್ಗ ಹಾಕಿ ಹಿಡಿದ ಹಾಗೆ ಮುಗ್ಗರಿಸಿತು. ಟೈರು ಕಿರುಚಿತು. ಅಂಗಡಿಯ ಕಟ್ಟೆಯ ಮೇಲೆ ಮಲಗಿದ್ದ ನಾಯಿ ಎದ್ದು ನಿಂತು ನಮ್ಮನ್ನು ನೋಡಿತು.

"ಇದೇ ನೋಡಿ" ಎಂದರು ದತ್ತಣ್ಣ. ಅವರ ಮುಖದಲ್ಲಿ ನೋವಿಗಿಂತ ಸಮಾಧಾನ ಹೆಚ್ಚಿತ್ತು.

"ದತ್ತಣ್ಣ, ಹೊರಡುವಾಗ ಒಂದು ಲಿವರ್ ಎಳೆದ್ರಲ್ಲ?"

"ಆನಾ? ಎಂತೂ ಎಳದ್ನಿಲ್ಲೆ."

"ಈ ಗಿಡ್ಡದ್ದು."

"ಓ, ಅದಾ? ಅದು ಫೋರ್‌ವೀಲು. ಹೊರಡಕಾರೆ ಹಾಕ್ತೆ, ಗಾಡಿ ನಿಲ್ಸಿದ್ಮೇಲೆ ತೆಗಿತೆ. ಕೊಟ್ಗೆಗೆ ಬಂದ್ಮೇಲೆ ಎತ್ತಿನ ನೊಗ ಇಳ್ಸ್ತ್ವಿಲ್ಯಾ, ಹಾಂಗೆ."

ಆಗ ಅರ್ಥವಾಯಿತು. ನಮ್ಮ ಅಂಗಳ ಸಡಿಲ ಮಣ್ಣಿನದು. ಅಲ್ಲಿಗೆ ಬಂದ ಮೇಲೆ ಚಕ್ರ ಜಾರಿ ಮುರಿಗೆ ಬಿಚ್ಚಿ, ಲಿವರ್ ಸಲೀಸಾಗಿ ಹೊರಗೆ ಬರುತ್ತಿತ್ತು. ದತ್ತಣ್ಣ ಪ್ರತಿ ಸಲ ನೊಗ ಇಳಿಸಿಯೇ ನಮಗೆ ಗಾಡಿ ಕೊಡುತ್ತಿದ್ದರು. ನಾವು ಎರಡು ಚಕ್ರದಲ್ಲಿ ಓಡಿಸಿ ಏನೂ ಇಲ್ಲ ಅನ್ನುತ್ತಿದ್ದೆವು.

"ಒಣ ರಸ್ತೆಯಲ್ಲಿ ಯಾಕೆ ಹಾಕ್ತೀರಿ?"

"ನಾಲ್ಕ್ ಕಾಲಿದ್ ದನ ಎರಡೇ ಕಾಲಲ್ಲಿ ನಡಿತ್ತಾ ಲೀಲಕ್ಕ?"

"ನಡೆಯೋದಿಲ್ಲ. ಆದ್ರೆ ದನದ ಮುಂಗಾಲಿಗೂ ಹಿಂಗಾಲಿಗೂ ಹಗ್ಗ ಕಟ್ಟಿದ್ರೆ ಅದು ತಿರುಗ್ತದಾ?"

ದತ್ತಣ್ಣ ಕವಳವನ್ನು ಬಲದವಡೆಗೆ ತಂದು ಯೋಚಿಸಿದರು. ಬಳಿಕ ಒಂದು ಪ್ರಶ್ನೆ ಕೇಳಿದರು, ಅದು ನ್ಯಾಯವಾದದ್ದೇ: "ಗಾಡಿ ತಗಂಡು ಎಂಟು ವರ್ಷ ಆತು. ಅವತ್ತಿಂದ ಹೀಂಗೇ ಹಾಕ್ತಾ ಇದ್ದೆ. ಆವಾಗೆಲ್ಲ ಎಂತಕ್ಕೆ ಹಿಡದ್ದಿಲ್ಲೆ?"

ಆ ಪ್ರಶ್ನೆಗೆ ಉತ್ತರ ನನ್ನಲ್ಲೇ ಇತ್ತು.

ಎರಡು ತಿಂಗಳ ಹಿಂದೆ, ರಿಪೇರಿ ಮುಗಿದ ದಿನ, ನಿಂಗಪ್ಪ ಒಂದು ಸವೆದ ಕಬ್ಬಿಣದ ತುಂಡು ಹಿಡಿದು ಮೇಜಿನ ಹತ್ತಿರ ಬಂದಿದ್ದ. "ಇದು ನೋಡ್ರಿ ಬಾಯಾರ. ಫೋರ್‌ವೀಲ್ ಲಿವರ್ ಬರೇ ಗಾಳ್ಯಾಗ ಅಳ್ಳಾಡ್ತಿತ್ತು. ಎಷ್ಟ್ ವರ್ಷ ಆಗಿತ್ತೋ ಏನೋ. ಹೊಸಾದು ಹಾಕೇನಿ, ಅವರಿಗೆ ಹೇಳಿಬಿಡ್ರಿ" ಎಂದಿದ್ದ. ಪೆನ್ನು ಎತ್ತಿಕೊಂಡೆ. ಒಳಗೆ ಮೂರನೆಯ ಸೀಟಿ ಆಯಿತು. ಬೇಳೆ ಇಳಿಸಲು ಹೋದವಳು ಸಾರಿಗೆ ಒಗ್ಗರಣೆ ಹಾಕಿ ಬಂದೆ. ಆ ಸಾಲು ಕಾರ್ಡಿಗೆ ಬೀಳಲೇ ಇಲ್ಲ, ದತ್ತಣ್ಣನಿಗೆ ಹೇಳಲೂ ಇಲ್ಲ.

ಅಂದರೆ ಅವರು ಎಂಟು ವರ್ಷ ಎಳೆದ ಲಿವರಿನಿಂದ ಏನೂ ಆಗುತ್ತಿರಲಿಲ್ಲ. ನಿಂಗಪ್ಪ ಅದನ್ನು ನೆಟ್ಟಗೆ ಮಾಡಿದ್ದರಿಂದಲೇ ಗಾಡಿ ಹಿಡಿದುಕೊಳ್ಳತೊಡಗಿತ್ತು.

"ಮೊದಲು ಲಿವರ್ ತೆಗೆಯಿರಿ, ಆಮೇಲೆ ಎಲ್ಲಾ ಹೇಳ್ತೇನೆ" ಎಂದೆ. ಬರಲಿಲ್ಲ. ಇಬ್ಬರೂ ಸೇರಿ ನೂಕಿದೆವು. ಅಲ್ಲಾಡಲಿಲ್ಲ. ಮುರಿಗೆ ಬಿಗಿದಿತ್ತು. ಪುಸ್ತಕದ ಪ್ರಕಾರ ನೇರವಾಗಿ ಸ್ವಲ್ಪ ದೂರ ಹಿಂದಕ್ಕೆ ಓಡಿಸಬೇಕು, ಆಗ ಹಿಂಡಿದ್ದು ಬಿಚ್ಚಿಕೊಳ್ಳುತ್ತದೆ. ಆದರೆ ದತ್ತಣ್ಣನ ಕುತ್ತಿಗೆ ಹಿಂದಕ್ಕೆ ತಿರುಗುವ ಸ್ಥಿತಿಯಲ್ಲಿರಲಿಲ್ಲ.

ನನ್ನ ಹತ್ತಿರ ಲೈಸೆನ್ಸ್ ಇತ್ತು. ಆದರೆ ನಾನು ಗಾಡಿ ಓಡಿಸಿದ್ದೆಲ್ಲ ನಮ್ಮ ಶೆಡ್ಡಿನಿಂದ ಹೊರಗೆ, ಇನ್ನೊಂದು ಗಾಡಿ ಒಳಗೆ ಬರಲು ಜಾಗ ಬಿಡಲಿಕ್ಕೆ. ಹಾಗಾಗಿ ರಿವರ್ಸ್ ಗೇರ್ ನನಗೆ ಅಡುಗೆಮನೆಯ ಡಬ್ಬಿಯಷ್ಟು ಪರಿಚಯ, ಮೂರನೇ ಗೇರನ್ನು ದೂರದಿಂದ ನೋಡಿದ್ದೆ ಅಷ್ಟೆ. ಜಾಗ ಬದಲಿಸಿ ಕೂತು, ಸೆರಗು ಸಿಕ್ಕಿಸಿ, ಹಿಂದೆ ನೋಡುತ್ತ ಬಿಟ್ಟೆ. ನಾಲ್ಕಾರು ಮಾರು ಹೋಗುವಷ್ಟರಲ್ಲಿ ಒಳಗೆಲ್ಲೋ ಠಕ್ ಎಂದಿತು. ಲಿವರ್ ತಾನಾಗಿ ಹೊರಗೆ ಬಂತು. ಮುಂದೆ ಹೋಗಿ ತಿರುಗಿಸಿದೆ. ಬೆಣ್ಣೆ.

"ನಿಂಗ್ಳ ಕೈಗೂ ಹೆದರ್ತಪ" ಎಂದರು ದತ್ತಣ್ಣ.

ಹೆದರಿಕೆಯಲ್ಲ ಎಂದು ತೋರಿಸಲು ಲಿವರ್ ಹಾಕಿ ಮತ್ತೆ ತಿರುಗಿಸಿದೆ. ಗಾಡಿ ಹಿಡಿಯಿತು, ಟೈರು ಕಿರುಚಿತು, ನಾಯಿ ಈ ಸಲ ಕಟ್ಟೆ ಬಿಟ್ಟು ಹೋಯಿತು. ಪುನಃ ಹಿಂದಕ್ಕೆ. ದತ್ತಣ್ಣ "ಇನ್ನೊಂದ್ ಸಲ ನೋಡನ" ಎಂದರು. ಇನ್ನೊಂದು ಸಲ. ಮೂರನೆಯ ಸಲ ಲಿವರ್ ಬಿಟ್ಟುಕೊಳ್ಳುವ ಹೊತ್ತಿಗೆ ನಮ್ಮ ಓಣಿಯ ಬಾಯಿಗೇ ಬಂದಿದ್ದೆವು. ಇನ್ನು ಮುಂದೆ ಹೋಗಿ ತಿರುಗಿಸುವ ಧೈರ್ಯ ನನಗಿರಲಿಲ್ಲ. ಹಾಗೆಯೇ ಹಿಂದಕ್ಕೆ ಓಣಿಯುದ್ದಕ್ಕೂ ಬಂದು, ಹಿಂದಕ್ಕೇ ಅಂಗಳದೊಳಗೆ ಹೊಕ್ಕೆ. ಎರಡೂ ಬದಿಯ ಮನೆಗಳವರು ಜಗಲಿಗೆ ಬಂದಿದ್ದರು. ನಾನು ಯಾರ ಮುಖವನ್ನೂ ನೋಡಲಿಲ್ಲ.

ಇಳಿದವಳೇ ಎಲ್ಲರೆದುರು ಹೇಳಿದೆ: "ತಪ್ಪು ನಿಂಗಪ್ಪನದ್ದಲ್ಲ. ಅವನು ಹೇಳಿದ್ದನ್ನು ನಾನು ಬರೀಲಿಲ್ಲ. ನಾನೇ ತಪ್ಪು ಮಾಡಿದ್ದು." ಸೀರೆ, ಸೀಟಿ, ಸವೆದ ತುಂಡು, ಎಲ್ಲವನ್ನೂ ಹೇಳಿದೆ.

ದತ್ತಣ್ಣ ಹೋಗಿ ಜೀಪಿನ ಮುಂದಿನ ಚಕ್ರದ ಮೇಲೆ ಕೈ ಇಟ್ಟರು. "ಹಂಗಾರೆ ಎಂಟು ಮಳೆಗಾಲ ಆ ನಮ್ಮನೆ ದಿಬ್ಬ ಆನು ಎರಡೇ ಚಕ್ರದಲ್ಲಿ ಹತ್ಸಿದ್ದಾ?"

"ಹೌದು."

"ಬರೇ ಎರಡೇ?"

"ಬರೇ ಎರಡೇ."

ಅವರ ಎದೆ ಒಂದಿಷ್ಟು ಉಬ್ಬಿತು. ಕುತ್ತಿಗೆಯ ಪಟ್ಟಿಯನ್ನು ಸರಿಮಾಡಿಕೊಂಡರು. ಆಮೇಲೆ ನಿಂಗಪ್ಪನ ಕಡೆ ತಿರುಗಿದರು, ಕುತ್ತಿಗೆ ಬಾರದ್ದರಿಂದ ಇಡೀ ಮೈಯನ್ನೇ ತಿರುಗಿಸಿ: "ಅಲ್ಲ ನಿಂಗಪ್ಪ, ಹಾಳಾಗಿದ್ದಾಗ ಸಮಾ ಇತ್ತು ಗಾಡಿ. ನೀನು ಸಮಾ ಮಾಡಿ ಹಾಳ್ ಮಾಡಿದ್ಯಲ ಮಾರಾಯ. ನಿನ್ ಕೆಲಸಕ್ಕೆ ಹೆಸರಿಟ್ಟಿದ್ದು ನಂದೇ ತಪ್ಪು ಅಂತ ಇಟ್ಕ."

ನಿಂಗಪ್ಪ ನಗಲಿಲ್ಲ. ಅವನು ನಗುವ ಮನುಷ್ಯನೂ ಅಲ್ಲ. "ಇರ್ಲಿ ಬಿಡ್ರಿ" ಎಂದು ಟೆಂಪೋದ ಕಡೆ ಹೋದ. ಅದರ ಕೆಳಗಿನಿಂದ ನಮ್ಮ ಯಜಮಾನರು ಹೊರಬಂದರು. ಯಾರನ್ನೂ ನೋಡದೆ, ಕೈಯಲ್ಲಿದ್ದ ನಟ್ಟಿಗೆ ಹೇಳುವವರ ಹಾಗೆ, "ಕೂರಿಸಿದ್ದು ಸರಿ ಇತ್ತು" ಎಂದರು. ಅವರ ಮಟ್ಟಿಗೆ ಅದೊಂದು ಭಾಷಣ. ನಿಂಗಪ್ಪನಿಗೆ ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ.

ಮಧ್ಯಾಹ್ನ ಕೂತು ಎಲ್ಲ ಖಾಲಿ ಕಾರ್ಡುಗಳ ಕೆಳಗೆ ಸ್ಕೇಲಿಟ್ಟು ಒಂದು ಹೊಸ ಗೆರೆ ಎಳೆದೆ. ಎಡಕ್ಕೆ ಬರೆದೆ: "ಕೇಳದೆ ಮಾಡಿಕೊಟ್ಟ ಕೆಲಸ." ಅಂದಿನಿಂದ ನಾನು ಗ್ಯಾರೇಜು ಬಿಡುವವರೆಗೂ ಆ ಸಾಲು ತುಂಬದೆ ಯಾವ ಗಾಡಿಯನ್ನೂ ಕಳಿಸಲಿಲ್ಲ, ಬೇಳೆ ಎಷ್ಟೇ ತಳ ಹಿಡಿದರೂ. ಮಾಲೀಕರನ್ನು ಮೊದಲು ಓಡಿಸಲು ಬಿಟ್ಟು ಪಕ್ಕದಲ್ಲಿ ಕೂರುವುದೂ ಅಂದಿನಿಂದಲೇ ನಮ್ಮಲ್ಲಿ ರೂಢಿಯಾಯಿತು. ಹೊಸಬರೇ, ಜನ ತಾವು ಮಾಡುವುದನ್ನು ಸುಳ್ಳು ಹೇಳಿ ಮುಚ್ಚಿಡುವುದಿಲ್ಲ. ದಿನಾ ಮಾಡುವುದು ಅವರಿಗೇ ಕಾಣುವುದಿಲ್ಲ, ಅಷ್ಟೆ. ಮುಂದೆ ಲಿವರಿನ ಬದಲು ಗುಂಡಿಯ ಗಾಡಿಗಳು ಬಂದವು, ಫೋರ್‌ವೀಲ್ ಹಾಕಿದರೆ ಮುಂದೆ ಪುಟ್ಟ ದೀಪ ಹತ್ತುತ್ತದೆ. ಇನ್ನು ತಪ್ಪಾಗಲಾರದು ಎಂದುಕೊಂಡೆ. ಎಕ್ಕಂಬಿಯ ಒಬ್ಬರು ಆ ದೀಪ ಚಂದ ಕಾಣುತ್ತದೆಂದು ವರ್ಷವಿಡೀ ಹತ್ತಿಸಿಟ್ಟಿದ್ದರು.

ಆ ದಿನ ಐದೂವರೆಗೆ ನಿಂಗಪ್ಪ ಸೋಪಿನ ಪುಡಿಯಲ್ಲಿ ಕೈ ತೊಳೆದ, ಅಂಗಿ ಬದಲಿಸಿದ. ಅವನು ಏನಾದರೂ ಹೇಳುತ್ತಾನೆಂದು ನಾನು ಮೇಜು ಬಿಟ್ಟು ಏಳಲಿಲ್ಲ. ಯಜಮಾನರೂ ಸಿಗದಿರುವ ಯಾವುದೋ ಸ್ಪಾನರನ್ನು ಹುಡುಕುತ್ತ ಅಲ್ಲಲ್ಲೇ ಸುಳಿಯುತ್ತಿದ್ದರು. ನಿಂಗಪ್ಪ ಗೋಣಿಚೀಲ ಎತ್ತಿ ಹೆಗಲಿಗೆ ಹಾಕಿಕೊಂಡ. "ಬರ್ತೀನ್ರಿ" ಎಂದ. ಅದನ್ನು ದಿನಾ ಅನ್ನುತ್ತಿದ್ದ, ಆದರೆ ಚೀಲ ಒಯ್ದದ್ದು ಅದೇ ಮೊದಲು. ನಾಳೆ ಬರುತ್ತೀಯಾ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ತಪ್ಪು ಮಾಡಿದವಳು ಹೇಗೆ ಕೇಳುವುದು? ಯಜಮಾನರಿಗಂತೂ ಬಾಯಿ ಬರುವ ಪ್ರಶ್ನೆಯೇ ಇಲ್ಲ. ಗೋಡೆಯ ಮೇಲೆ ಚೀಲ ತೂಗುತ್ತಿದ್ದ ಜಾಗದಲ್ಲಿ ಸುಣ್ಣ ಬೆಳ್ಳಗೆ ಉಳಿದಿತ್ತು.

ಕತ್ತಲಾಗುವ ಮೊದಲು ಬಟ್ಟೆ ತೆಗೆಯಲೆಂದು ಹಿತ್ತಿಲಿಗೆ ಹೋದೆ. ಒಣಗಿದ್ದನ್ನೂ ಒಣಗದ್ದನ್ನೂ ಒಟ್ಟಿಗೆ ಮಡಚುತ್ತಿದ್ದೆ. ಪಕ್ಕದ ಮನೆಯ ಸುಶೀಲಕ್ಕ ಪೇಟೆಯಿಂದ ಬಂದವರು, ಕೈಚೀಲವನ್ನು ಕಾಂಪೌಂಡಿನ ಮೇಲಿಟ್ಟು ಚಪ್ಪಲಿಯ ಮಣ್ಣು ಕೊಡವುತ್ತ ಹೇಳಿದರು:

"ನಿಮ್ಮ ಮಿಸ್ತ್ರಿ ಬಸ್‌ಸ್ಟ್ಯಾಂಡ್ ಹತ್ರ ಹೊಲ್ಗೆಯವನ ಎದ್ರಿಗೆ ಕೂತಿದ್ದ ಮಾರಾಯ್ತಿ, ಆ ಗೋಣಿಚೀಲದ ತಳ ಹರ್ದು ಹೋಗಿದ್ಯಂತೆ, ಹೊಲಿಸ್ತಾ ಇದ್ದ. ನಾಳೆ ಏಳಕ್ಕೇ ಬರ್ತಾನಂತೆ, ನಿಮಗೆ ಗಾಡಿ ಮುಂದಕ್ಕೆ ಓಡ್ಸೂದು ಕಲಿಸ್ಬೇಕಂತೆ."